ಜಗಳ ಇದ್ದವರಿಗೆ ಅಳತೆ ಗೊತ್ತು

ದೊಡ್ಡವ್ವನ ವಿಮಾನ ಓಣಿಯಲ್ಲಿ ಎಲ್ಲಿಯೂ ವಾಲಲಿಲ್ಲ. ಬಾಳೆದಿಂಡು, ಚೆಂಡುಹೂವು ಕಟ್ಟಿದ ವಿಮಾನದೊಳಗೆ ಆಕೆಯನ್ನು ಕೂರಿಸಿ ನಾಲ್ಕು ಮಂದಿ ಹೆಗಲು ಕೊಟ್ಟಿದ್ದರು. ಅವರ ಎರಡೂ ಪಕ್ಕ ಇನ್ನಷ್ಟು ಮಂದಿ ಕೈ ಬೀಸಿ ನಡೆಯುವಷ್ಟು ಜಾಗವಿತ್ತು. ಮುಂದೆ ಭಜನೆಯವರು, ಹಿಂದೆ ನಾವು. ಹೆಣದ ಹಿಂದೆ ನಡೆಯುವಾಗ ದೇವರನ್ನು ನೆನೆಯಬೇಕಂತೆ. ನಾನು ಓಣಿಯ ಅಗಲ ಅಳೆಯುತ್ತಿದ್ದೆ. ಜೀವಮಾನವೆಲ್ಲ ಪುರಸಭೆಗಳಲ್ಲಿ ರಸ್ತೆ, ಗಟಾರ ಅಳೆದ ಕಣ್ಣು. ನಿವೃತ್ತಿಯಾದರೂ ಚಟ ಹೋಗಿಲ್ಲ. ಹನ್ನೊಂದು ಅಡಿ. ಮೇಲಿನ ಪೇಟೆಯಿಂದ ಕೆಳಗಿನ ಹಳ್ಳದವರೆಗೆ ಎಲ್ಲಿಯೂ ಒಂದು ಬೆರಳು ಕಡಿಮೆಯಿಲ್ಲ.

ಇದೇ ಮನೆಯಿಂದ ಆಕೆಯ ಗಂಡನನ್ನು ಒಯ್ಯುವಾಗ ವಿಮಾನ ಓಣಿಯೊಳಗೆ ಬಂದೇ ಇರಲಿಲ್ಲ. ರುದ್ರಭೂಮಿ ಇರುವುದು ಹಳ್ಳದ ಆಚೆ, ಮನೆಯಿಂದ ಕೂಗಳತೆಯ ದೂರ. ಆದರೆ ಕೆಳಗಿನ ಅರ್ಧ ಓಣಿಯಲ್ಲಿ ಎರಡೂ ಕಡೆಯ ಮನೆಗಳ ಮುಂಗಟ್ಟೆಗಳು ಬೆಳೆದು ಬೆಳೆದು ಒಬ್ಬ ಮನುಷ್ಯ ಓರೆಯಾಗಿ ನಡೆಯುವಷ್ಟೇ ದಾರಿ ಉಳಿದಿತ್ತು. ಮೇಲಿನಿಂದ ತಂದರೂ ಆಕೆಯ ಮನೆಯ ಮುಂದೆ ವಿಮಾನ ತಿರುಗಿಸಲು ಜಾಗವಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಬದುಕಿದ ಆ ಹಮಾಲನನ್ನು ಕಂಬಳಿಯಲ್ಲಿ ಎತ್ತಿಕೊಂಡು ಮೇಲಕ್ಕೆ ಪೇಟೆಗೆ ಒಯ್ದು, ಅಲ್ಲಿ ಎಲ್ಲರೆದುರು ವಿಮಾನದಲ್ಲಿ ಕೂರಿಸಿ, ಊರೆಲ್ಲ ಸುತ್ತಿ ಹಳ್ಳಕ್ಕೆ ತಂದರು. "ಅವತ್ತ ಗೊತ್ತಾತ್ರಿ ಸಾಹೇಬ್ರ, ಕಟ್ಟಿ ಯಾರಿಗೆ ಅಡ್ಡ ಬರತೈತಿ ಅಂತ" ಎಂದು ದೊಡ್ಡವ್ವ ಒಮ್ಮೆ ನನ್ನೆದುರು ಅಂದಿದ್ದಳು. ಒಮ್ಮೆಯೇ. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ಪತ್ರಿಕೆಯವರೊಬ್ಬರು ಬಂದು ಕೇಳಿದಾಗ "ಓಣಿ ಹೆಸರ ಬರ್ಕೋರಿ, ನಂದ್ಯಾಕ?" ಎಂದು ಎದ್ದು ಹೋದವಳು. ಓಣಿಗೆಲ್ಲ ದೊಡ್ಡವ್ವ, ನನಗೂ ದೊಡ್ಡವ್ವ. ಊರಿನ ಹೆಸರನ್ನೂ ಬಿಡುತ್ತೇನೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಈ ಸುತ್ತಿನಲ್ಲೇ ನನ್ನ ನೌಕರಿಯೆಲ್ಲ ತಿರುಗಿತು. ಅವುಗಳ ನಡುವಿನ ಯಾವುದೋ ಒಂದು ಊರು ಎಂದುಕೊಳ್ಳಿ. ಊರು ಮುಚ್ಚಿಡುವುದರಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇದೆ. ಅಲ್ಲಿ ನಾನು ಮಾಡಿದ ತಪ್ಪೊಂದಿದೆ, ಅದನ್ನು ಹೇಳದೆ ದೊಡ್ಡವ್ವನ ಬಗ್ಗೆ ಬರೆಯಲು ಬರುವುದಿಲ್ಲ.

ಆ ಓಣಿಯವರು ಬಡವರು. ಹಮಾಲರು, ಗೌಂಡಿ ಕೆಲಸದವರು, ನಾಲ್ಕು ಮನೆಯ ಮುಸುರೆ ತಿಕ್ಕುವವರು. ಪೇಟೆಯ ಜನ ಅತ್ತ ಬರುತ್ತಿದ್ದುದು ಓಟಿಗೆ, ಇಲ್ಲವೇ ಕೆಲಸದಾಳು ಹುಡುಕಲು. ಆದರೆ ಮುಂಗಟ್ಟೆಯ ವಿಷಯದಲ್ಲಿ ಮಾತ್ರ ಒಬ್ಬೊಬ್ಬರೂ ದೇಸಾಯರೇ. ಪುರಸಭೆ ರಸ್ತೆಗೆ ಒಂದು ಪದರ ಖಡಿ ಹಾಕಿದರೆ ಇವರು ಕಟ್ಟೆಗೆ ಒಂದು ಸಾಲು ಕಲ್ಲು ಏರಿಸುವರು. ಎದುರಿನವನು ಅರ್ಧ ಮೊಳ ಮುಂದೆ ಬಂದರೆ ಇವನು ಒಂದು ಮೊಳ. ಸಂಜೆ ಕೂರಲು, ಶ್ಯಾವಿಗೆ ಒಣಗಿಸಲು, ಬೀಗರು ಬಂದರೆ ಕಂಬಳಿ ಹಾಸಿ ಕೂರಿಸಲು ಅದೇ ಜಾಗ. ಒಳಗೆ ಒಂದೇ ಕೋಣೆ ಇದ್ದವರಿಗೆ ಕಟ್ಟೆಯೇ ಪಡಸಾಲೆ. ಹೀಗೆ ಎಲ್ಲರೂ ಏರಿಸುತ್ತಾ ಹೋದ ಮೇಲೆ, ಏರಿಸಲು ಕೈಲಾಗದವರ ಮನೆ ಹೊಂಡದಲ್ಲಿ ಉಳಿಯಿತು.

ಹಾಗೆ ಉಳಿದ ಮನೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ದೊಡ್ಡವ್ವನ ನೆಗೆಣ್ಣಿಯದು, ಅಂದರೆ ಗಂಡನ ತಮ್ಮನ ಹೆಂಡತಿಯದು. ಆಕೆಯ ಗಂಡನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಮಳೆ ಬಂದರೆ ಪೇಟೆಯ ಹೊಲಸು ನೀರೆಲ್ಲ ಆ ಮನೆಯ ಹೊಸ್ತಿಲು ದಾಟುತ್ತಿತ್ತು. ಏಳಲಾಗದ ಗಂಡನನ್ನು ಒಳಗಿಟ್ಟುಕೊಂಡು ಆಕೆ ಒಬ್ಬಳೇ ಬೋಗುಣಿಯಲ್ಲಿ ನೀರು ಗೋರಿ ಚೆಲ್ಲುತ್ತಿದ್ದಳು. ದೊಡ್ಡವ್ವನಿಗೂ ಆಕೆಗೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ನಾನು ಆ ಊರಿಗೆ ಎರಡನೆಯ ಸಲ ವರ್ಗವಾಗಿ ಬಂದ ವರ್ಷದ ಸಂಕ್ರಾಂತಿಯಾದ ಮೇಲೆ, ದೊಡ್ಡವ್ವ ಬಗಲಲ್ಲಿ ಖಾಲಿ ಕೊಡ ಇಟ್ಟುಕೊಂಡು ಕಚೇರಿಗೆ ಬಂದಳು. ಅರವತ್ತರ ಆಸುಪಾಸು, ಇಳಕಲ್ ಸೀರೆ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಒಂದು ಮೊಣಕಾಲು ಹಿಡಿದು ನಡೆಯುತ್ತಿದ್ದಳು. ನೀರಿನ ತಕರಾರು ಇರಬೇಕೆಂದು ನಾನು ಮುಖ ಗಂಟು ಹಾಕಿಕೊಂಡೆ.

"ಸಾಹೇಬ್ರ, ನಿಮ್ಮ ಕಡೆ ಮೂರು ಕಾಲಿನ ಮಷಿನ್ ಐತೆಲ್ಲ, ಅದನ್ನ ತಗೊಂಡು ಒಂದಿನ ನಮ್ಮ ಓಣಿಗೆ ಬರ್ರಿ."

"ಅರ್ಜಿ ಬರಸ್ಕೊಂಡು ಬಂದೀರೇನು?"

"ಅರ್ಜಿ ಯಾತಕ್ಕ್ರಿ? ನಾ ಏನೂ ಬೇಡಾಕ ಬಂದಿಲ್ಲ. ನೀರು ಒಂದ ಮಾತ ಹೇಳೈತಿ. ಮಷಿನ್ ಏನ ಹೇಳತೈತಿ ಕೇಳೂಣಂತ."

ನಮ್ಮದು ಪಂಚಾಂಗ ಬಿಡಿಸುವ ಮನೆತನ. ಅಜ್ಜ ಪುರೋಹಿತ, ಅಪ್ಪ ಪುರೋಹಿತ, ನಾನು ಡಿಪ್ಲೊಮಾ ಮಾಡಿದ ಎಂಜಿನಿಯರು. "ಗ್ರಹಾ ನೋಡೋ ವಂಶ ಗಟಾರ ನೋಡಲಿಕ್ಕೆ ಬಂತು" ಎಂದು ನಮ್ಮವ್ವ ಕೊನೆಯವರೆಗೂ ಹಂಗಿಸುತ್ತಿದ್ದಳು. ಅದಕ್ಕೇ ಇರಬೇಕು, ಯಂತ್ರದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತಿತ್ತು. ತೋರಿಸಿಯೇ ಬಿಡೋಣವೆಂದು ಮರುದಿನ ಹೋದೆ.

ಮೇಲಿನಿಂದ ಬಂದ ಹಳೆಯ ಗಟಾರ ಓಣಿಯ ನಟ್ಟನಡುವೆ, ದೊಡ್ಡವ್ವನ ಕಟ್ಟೆಗೆ ಮುಖ ಕೊಟ್ಟು ನಿಂತುಬಿಟ್ಟಿತ್ತು. ಅಲ್ಲಿಂದ ಮುಂದೆ ಗಟಾರವಿಲ್ಲ, ನೀರು ತನಗೆ ತಿಳಿದಂತೆ ಹೋಗಬೇಕು. ಆಕೆ ಅಲ್ಲಿ ಕೊಡದ ನೀರನ್ನು ಸಣ್ಣಗೆ ಸುರಿದು, ಕೈ ಬೆನ್ನಿಗೆ ಕಟ್ಟಿಕೊಂಡು ನೀರಿನ ಜೊತೆಗೇ ನಡೆದಳು. ನೀರು ನಿಂತಲ್ಲಿ ನಿಂತಳು, ಹೊರಳಿದಲ್ಲಿ ಹೊರಳಿದಳು. ಪ್ರತಿ ತಿರುವಿಗೆ ಒಂದು ಹರಳು ಇಟ್ಟಳು. ಸಂತೆಗೆ ಹೊರಟ ಗೆಳತಿಯ ಜೊತೆ ಹೋದಂತಿತ್ತು ಆ ನಡಿಗೆ. ಆಮೇಲೆ ನಾನು ಏರುತಗ್ಗು ಅಳೆಯುವ ಯಂತ್ರ ಹೂಡಿ, ಅಳತೆಯ ಕೋಲು ಹಿಡಿಸಿ, ಒಂದೊಂದೇ ಅಂಕಿ ಬರೆದೆ. ಮೂರನೆಯ ಹರಳಿನ ಹತ್ತಿರ "ಇಲ್ಲಿ ನಾಲ್ಕು ಇಂಚು ಏರು ಅದ" ಅಂದೆ.

"ನೀರು ಏರಿಗೆ ಹತ್ತತೈತೇನ್ರಿ?" ಎಂದು ಆಕೆ ತೀರ ಮರ್ಯಾದೆಯಿಂದ ಕೇಳಿದಳು.

ಮತ್ತೆ ನೋಡಿದೆ. ಕೋಲಿನ ಅಂಕಿ ನಾನೇ ತಪ್ಪು ಓದಿದ್ದೆ. ಸುತ್ತ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡವ್ವ ನಗಲಿಲ್ಲ, ಇನ್ನೊಂದು ಕೊಡ ನೀರು ತಂದಳು. ಆ ದಿನದ ಕೊನೆಗೆ ನನ್ನ ನಕ್ಷೆಯೂ ಆಕೆಯ ಹರಳುಗಳೂ ಒಂದೇ ಗೆರೆಯ ಮೇಲಿದ್ದವು. ನನಗೆ ಅವಮಾನವಾಗಬೇಕಿತ್ತು, ಆದದ್ದು ಖುಷಿ.

ಆ ಖುಷಿಯಲ್ಲಿ ನಾಲಿಗೆ ಸಡಿಲಾಗಿ, ಯಾರೋ ಬೇರೆಯವರ ಕೆಲಸದ ಬಗ್ಗೆ ಮಾತಾಡುವವನಂತೆ "ಹಳೇ ಗಟಾರ ಇಲ್ಲಿಗೇ ಯಾಕ ನಿಂತದನೋ" ಅಂದೆ.

ದೊಡ್ಡವ್ವ ತನ್ನ ಕಟ್ಟೆಯ ಮೇಲೆ ಕುಳಿತಳು. "ನಾ ಅಡ್ಡ ಕುಂತಿದ್ನೆಲ್ರಿ, ಅದಕ್ಕ ನಿಂತತಿ. ಆ ಗಟಾರಕ್ಕ ಬುಟ್ಟಿ ಹೊತ್ತಾಕಿ ನಾನ. ಮ್ಯಾಲಿನ ಮಂದಿ ಕಟ್ಟಿ ಒಡದಾಗ ಸುಮ್ಮನ ಮಣ್ಣ ಹೊತ್ತೆ. ನನ್ನ ಕಟ್ಟಿ ಬಂತು ನೋಡ್ರಿ, ಬುಟ್ಟಿ ಬೋರಲ ಹಾಕಿ ಅದರ ಮ್ಯಾಲ ಕುಂತೆ. ನನ್ನ ಹೆಣಾ ಬಿದ್ರೂ ಬಿಡಂಗಿಲ್ಲ ಅಂದೆ. ಗುತ್ತಿಗೆದಾರ ಸಾಮಾನ ಕಟ್ಟಿಕೊಂಡು ಹೋದ. ಆಮ್ಯಾಲ ನೀವು ಬಂದ್ರಿ. ಗಾಡಿ ಸೀಟಿನ ಮ್ಯಾಲ ಕಾಗದ ಇಟ್ಟು ಸಹಿ ಮಾಡಿದ್ರಿ. ಕೆಳಗ ತನಕಾ ನಡದು ಸೈತ ನೋಡ್ಲಿಲ್ಲ."

ಒಂಬತ್ತು ವರ್ಷದ ಹಿಂದೆ ಆ ಗಟಾರ ಮಾಡಿಸಿದವನು ನಾನು. "ಕಾಮಗಾರಿ ಪೂರ್ಣಗೊಂಡಿದೆ" ಎಂದು ಆ ಕಾಗದದಲ್ಲಿ ಇತ್ತು. ಇಂಥ ಎಷ್ಟು ಕಾಗದಗಳಿಗೆ ಸಹಿ ಮಾಡಿದ್ದೇನೋ, ಇದು ನೆನಪೇ ಇರಲಿಲ್ಲ. ಪೇಟೆಯ ನೀರನ್ನೆಲ್ಲ ಒಟ್ಟುಗೂಡಿಸಿ ತಂದು ಒಂದು ಹೆಣ್ಣುಮಗಳ ಮನೆಯೊಳಗೆ ಬಿಟ್ಟು ನಾನು ಗಾಡಿ ಹತ್ತಿ ಹೋಗಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ ಯಂತ್ರದ ಕಾಲು ಮಡಚತೊಡಗಿದೆ. ಆಕೆಯೇ, "ಹೋಗ್ಲಿ ಬಿಡ್ರಿ. ಕುಂತಾಕಿ ಒಬ್ಬಾಕಿ, ಸಹಿ ಮಾಡಿದವ್ರ ಒಬ್ರು. ಇಬ್ರೂ ಕೂಡೇ ಮಾಡೂಣು" ಅಂದಳು.

ನೆಗೆಣ್ಣಿ ಮಾತು ಬಿಟ್ಟದ್ದು ಅದೇ ವರ್ಷದ ಮೊದಲ ಮಳೆಗೆ. ಕೇಳಿದರೆ ಒಬ್ಬಳು ಹೆಪ್ಪಿಗೆ ಮಜ್ಜಿಗೆ ಕೊಡದ ಕಥೆ ಹೇಳುತ್ತಿದ್ದಳು, ಇನ್ನೊಬ್ಬಳು ಮದುವೆಯಲ್ಲಿ ಕೊಟ್ಟ ಸೀರೆಯ ಅಂಚಿನ ಕಥೆ. ಎರಡೂ ಖೊಟ್ಟಿ ಎಂದು ಓಣಿಗೆಲ್ಲ ಗೊತ್ತಿತ್ತು. ನಡುವೆ ಇದ್ದದ್ದು ನೀರು.

ಗಟಾರ ಅಗೆಯುವ ಮೊದಲು ದೊಡ್ಡವ್ವ ಕೆಳಗಿನ ಇಪ್ಪತ್ತು ಮನೆಯವರನ್ನು ತನ್ನ ಕಟ್ಟೆಯ ಮುಂದೆ ಸೇರಿಸಿದಳು. "ಗವರ್ಮೆಂಟ್ ಬಂದು ಮಾಡ್ಲಿ" ಎಂದು ಒಬ್ಬ ಅಂದ. "ಬಂದು ಮಾಡಿ ಹೋಗೇತಪಾ, ಇಲ್ಲೇ ಕುಂತೈತಿ ನೋಡು" ಎಂದು ಆಕೆ ನನ್ನ ಕಡೆ ಕೈ ಮಾಡಿದಳು. ಆಮೇಲೆ ಕೆಲಸದ ರೀತಿ ಹೇಳಿದಳು. ಆಕೆಯ ತವರು ದೊಡವಾಡದ ಒಕ್ಕಲುತನದ ಮನೆ. ಅಲ್ಲಿ ಹೊಲದಲ್ಲಿ ಮುಯ್ಯಾಳು ಎಂಬ ರೂಢಿಯಿದೆ. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಇಲ್ಲಿಯೂ ಹಾಗೇ ಮಾಡೋಣ, ತನ್ನ ಕಟ್ಟೆಯನ್ನು ತಾನು ಮುಟ್ಟುವುದು ಬೇಡ ಅಂದಳು. "ತನ್ನ ಕಟ್ಟಿ ಒಡ್ಯಾಕ ಯಾರಿಗೂ ಕೈ ಏಳಂಗಿಲ್ಲ. ಮಂದಿದು ಅಂದ್ರ ನೋಡು, ಉಣ್ಣೂದು ಬಿಟ್ಟು ಬರ್ತೀರಿ."

ಇಷ್ಟಾಗಿದ್ದರೆ ನಾನು ಜಾಣತನ ಎಂದು ಸುಮ್ಮನಾಗುತ್ತಿದ್ದೆ. ಮುಂದಿನ ಮಾತಿಗೆ ಬೆರಗಾದೆ. ಯಾರ ಕಟ್ಟೆಯನ್ನು ಯಾರು ಒಡೆಯಬೇಕು? ಯಾರ ಜೊತೆ ಮಾತು ಬಿಟ್ಟಿದೆಯೋ ಅವರೇ ಒಡೆಯಬೇಕು. ಒಡೆದವರೇ ಆ ಕಲ್ಲು ಹೊತ್ತು ಗಟಾರದ ಗೋಡೆಗೆ ಕೂರಿಸಬೇಕು. ಒಡೆದ ಜಾಗದಲ್ಲಿ ಬಾಗಿಲಿಗೆ ಹತ್ತಲು ಮೆಟ್ಟಿಲೂ ಅವರೇ ಕಟ್ಟಿಕೊಡಬೇಕು.

"ಹೊಡದಾಟ ಆಗ್ತದ ದೊಡ್ಡವ್ವ" ಅಂದೆ.

"ಆಗಂಗಿಲ್ರಿ. ಯಾರು ಎಷ್ಟ ಮುಂದ ಬಂದಾರ ಅನ್ನೂದು ಜಗಳಾ ಇದ್ದವ್ರಿಗೇ ಬೆರಳಿನ ತನಕಾ ಗೊತ್ತಿರತೈತಿ. ಪ್ರೀತಿ ಇದ್ದವ್ರು ಹೋಗ್ಲಿ ಬಿಡು ಅಂತ ಎರಡ ಮೊಳ ಬಿಟ್ಟುಬಿಡತಾರ."

ಅದು ನಿಜವಾಯಿತು. ಗಿರಣಿಯವನೂ ಎದುರು ಮನೆಯ ಟೇಲರನೂ ಆರು ಇಂಚಿನ ಸಲುವಾಗಿ ಮುಖ ತಿರುವಿಕೊಂಡು ಓಡಾಡುತ್ತಿದ್ದವರು. ಗಿರಣಿಯವ ಹಾರೆ ಹಿಡಿದು ಬಂದ ಉತ್ಸಾಹ ನೋಡಬೇಕಿತ್ತು. ಮಗನ ಲಗ್ನಕ್ಕೂ ಅಷ್ಟು ಬೇಗ ಎದ್ದಿರಲಿಕ್ಕಿಲ್ಲ. ನನ್ನ ಟೇಪು ಬೇಕಾಗಲಿಲ್ಲ. ಕಟ್ಟೆಯ ಮೇಲೆ ಎಲ್ಲಿ ಗೆರೆ ಎಳೆಯಬೇಕೆಂದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಮಧ್ಯಾಹ್ನ ಟೇಲರನ ಸರದಿ, ಅವನೂ ಬಾಕಿ ಇಡಲಿಲ್ಲ. ಪೇಚು ಬಂದದ್ದು ಮೂರನೆಯ ದಿನ, ಮೆಟ್ಟಿಲು ಕಟ್ಟುವಾಗ. ಕೇಳದೆ ಕಟ್ಟಲು ಬರುವುದಿಲ್ಲ. ಗಿರಣಿಯವ ಬಹಳ ಹೊತ್ತು ಕರಣಿ ಹಿಡಿದು ನಿಂತು, ಕೊನೆಗೆ ಗೋಡೆಯ ಕಡೆ ನೋಡುತ್ತ "ನಿಮ್ಮವ್ವಗ ಎತ್ರ ಎಷ್ಟ ಇದ್ರ ಹತ್ತಾಕ ಆದೀತು?" ಎಂದು ಕೇಳಿದ. ಟೇಲರ್ ಒಳಗೆ ಹೋಗಿ ತಾಯಿಯನ್ನು ಕರೆತಂದ. ಆ ಮುದುಕಿ ಕಾಲೆತ್ತಿ ತೋರಿಸಿದಳು. ಗಿರಣಿಯವ ಆ ಕಾಲಿನ ಕೆಳಗೆ ಗೇಣು ಇಟ್ಟು ಅಳತೆ ಹಿಡಿದ. ದೊಡ್ಡವ್ವ ಅತ್ತ ನೋಡದೆ ಬುಟ್ಟಿಗೆ ಮಣ್ಣು ತುಂಬುತ್ತಿದ್ದಳು.

ಕೆಲಸ ಹಳ್ಳದ ಕಡೆಯಿಂದ ಮೇಲಕ್ಕೆ ಬರಬೇಕೆಂಬುದು ಆಕೆಯ ಇನ್ನೊಂದು ಹಟ. "ಮೊದಲ ಹೋಗೂ ದಾರಿ ಮಾಡಿ, ಆಮ್ಯಾಲ ಬಾ ಅನ್ನಬೇಕ್ರಿ. ನೀವು ಬಾ ಅಂದು ದಾರಿ ಮಾಡ್ಲಿಲ್ಲ" ಅಂದಳು. ನನ್ನ ಡಿಪ್ಲೊಮಾದ ಮೂರು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

ಕೆಲಸ ನಡೆದಷ್ಟು ದಿನ ಓಣಿಯೊಳಗೆ ಕಾಲಿಟ್ಟ ಯಾರೇ ಆಗಲಿ ಒಂದು ಬುಟ್ಟಿ ಮಣ್ಣು ಹೊರಬೇಕಿತ್ತು. ಹಾಲಿನವನು ಹೊತ್ತ, ಪೋಸ್ಟಿನವನು ಹೊತ್ತ, ಮಠದ ಅಯ್ಯನವರು ಭಿಕ್ಷೆಗೆ ಬಂದು ಜೋಳಿಗೆ ಕೆಳಗಿಟ್ಟು ಹೊತ್ತರು. ನಾನು ಹೊತ್ತಾಗ ಬುಟ್ಟಿ ಅರ್ಧ ತುಂಬಿಸಿದಳು. "ಪಂಚಾಂಗದ ಹೆಗಲು, ಸಾವಕಾಶ" ಎಂದು. ಮುರಗೋಡದಿಂದ ಒಂದು ಮನೆಗೆ ಹೆಣ್ಣು ನೋಡಲು ಬಂದರು. ಇಸ್ತ್ರಿ ಅಂಗಿಯ ವರನಿಗೂ ದೊಡ್ಡವ್ವ ಬುಟ್ಟಿ ಚಾಚಿದಳು. ಹೆಣ್ಣಿನ ಅಪ್ಪ ಬಿಳಿಚಿಕೊಂಡ. ಹುಡುಗ ತಂದೆಯ ಮುಖ ನೋಡಿದ, ಅಂಗಿಯ ತೋಳು ಮಡಚಿದ, ತುಂಬಿದ ಬುಟ್ಟಿ ಹೊತ್ತು ಹಳ್ಳಕ್ಕೆ ಸುರಿದು, ಖಾಲಿ ಬುಟ್ಟಿಯನ್ನು ಎಸೆಯದೆ ತಂದು ಇದ್ದಲ್ಲೇ ಇಟ್ಟ. ದೊಡ್ಡವ್ವ ಒಳಗೆ ಹೋಗಿ ಹೆಣ್ಣಿನ ತಾಯಿಗೆ "ಕಣ್ಣ ಮುಚ್ಚಿ ಕೊಡು" ಅಂದಳು. ಕೊಟ್ಟರು, ಚೆನ್ನಾಗಿದ್ದಾರೆ.

ಈ ಕೆಲಸದ ನಡುವೆಯೇ ನನಗೆ ಹೊಳೆದ ಒಂದು ಸಂಗತಿಯಿದೆ. ಇಡೀ ಓಣಿ ದುಡಿಯುತ್ತಿದ್ದುದು ಎಲ್ಲರ ಸಲುವಾಗಿ ನಿಜ, ಆದರೆ ಮಳೆಗಾಲದ ಒಳಗೆ ಇದು ಮುಗಿಯಲೇಬೇಕಾಗಿದ್ದುದು ಒಂದೇ ಮನೆಗೆ. ಹಾಸಿಗೆಯಲ್ಲಿದ್ದ ಆ ಮನುಷ್ಯ ಹಿಂದಿನ ವರ್ಷದ ಮಳೆಯಲ್ಲಿ ಜ್ವರ ಬಂದು ಹೋಗಿಯೇ ಬಿಟ್ಟಿದ್ದನಂತೆ, ಹೇಗೋ ಉಳಿದ. ಇನ್ನೊಂದು ಮಳೆಗಾಲ ಆ ನೀರಿನಲ್ಲಿ ತಡೆಯಲಾರ ಎಂದು ಡಾಕ್ಟರು ಹೇಳಿದ್ದರು. "ಪಂಚಾಂಗದವ್ರು ನೀವು, ಮಿರಗ ಎಂದ ಕೂಡತೈತಿ ಹೇಳ್ರಿ" ಎಂದು ದೊಡ್ಡವ್ವ ವಾರಕ್ಕೊಮ್ಮೆ ಕೇಳುವಳು. ಮೃಗಶಿರಾ ಮಳೆ ಕೂಡಲು ಇಷ್ಟೇ ದಿನ ಉಳಿದಿದೆ ಎಂದು ನಾನು ಎಣಿಸಿ ಹೇಳುವೆ. ವಂಶದ ವಿದ್ಯೆ ಕೊನೆಗೂ ಗಟಾರಕ್ಕೆ ಉಪಯೋಗವಾಯಿತು. ಮಾತು ಬಿಟ್ಟವಳ ಗಂಡನಿಗಾಗಿ ಈಕೆ ನೋಯುವ ಮೊಣಕಾಲಿಗೆ ಎಕ್ಕೆಯ ಎಲೆ ಕಟ್ಟಿಕೊಂಡು ಬುಟ್ಟಿ ಹೊರುತ್ತಿದ್ದಳು. ಕೆಳಗಿನ ಮನೆಯ ಮುಂದೆ ಗಟಾರ ಹಾಯುವಾಗ ಆ ಮನೆಯ ಬಾಗಿಲ ಕಡೆ ಒಮ್ಮೆಯೂ ನೋಡಲಿಲ್ಲ, ಅದೂ ಅಷ್ಟೇ ನಿಜ.

ಹಳ್ಳದಿಂದ ಏರುತ್ತ ಏರುತ್ತ ಗಟಾರ ರೋಹಿಣಿ ಮಳೆಯ ಹೊತ್ತಿಗೆ ದೊಡ್ಡವ್ವನ ಕಟ್ಟೆಗೆ ಬಂದು ಮುಟ್ಟಿತು. ಆಚೆ ನನ್ನ ಹಳೆಯ ಗಟಾರ, ಈಚೆ ಹೊಸದು, ನಡುವೆ ಓಣಿಯಲ್ಲೇ ದೊಡ್ಡದಾದ ಆ ಕಟ್ಟೆ. ಅದು ಹೋಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಒಡೆಯಬೇಕಾದವಳು ನೆಗೆಣ್ಣಿ. ಆಕೆ ಬರಲಿಲ್ಲ.

ಒಂದು ದಿನ ಕಾದೆವು, ಎರಡು ದಿನ ಕಾದೆವು. ನಾಲ್ಕನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಗಿರಣಿಯವನೂ ಟೇಲರನೂ ಈಗ ಒಂದೇ ಬೀಡಿ ಸೇದುವ ದೋಸ್ತರು. ಇಬ್ಬರೂ ಹಾರೆ ಹಿಡಿದು ಬಂದು "ದೊಡ್ಡವ್ವ, ನಾವ ಒಡೀತೇವಿ ಬಿಡು" ಅಂದರು.

"ಮುಟ್ಟಬ್ಯಾಡ್ರಿ. ಇಪ್ಪತ್ತ ಮನಿಗೆ ಒಂದ ರೂಢಿ, ನನಗ ಒಂದ ರೂಢಿ ಏನು? ಅವತ್ತ ಹಂಗ ಮಾಡೇ ಈ ಗತಿ ಆಗೈತಿ."

ನನಗೆ ತಾಳ್ಮೆ ತಪ್ಪಿತು. "ಮಿರಗ ಇನ್ನ ನಾಲ್ಕು ದಿನಕ್ಕ ಕೂಡ್ತದ. ರೂಢಿ ಹಿಡ್ಕೊಂಡು ಕೂತ್ರ ಆ ಮನಷ್ಯಾ ನೀರಾಗ ಸಾಯ್ತಾನ. ಹೋಗಿ ಒಂದು ಮಾತು ಕರದ್ರ ನಿಮ್ಮ ಗಂಟೇನು ಹೋಗ್ತದ?" ಎಂದು ಜೋರಾಗಿಯೇ ಅಂದೆ. ಇಪ್ಪತ್ತು ಮನೆಗಳ ಹಮ್ಮು ಮುರಿಸಿದವಳಿಗೆ ತನ್ನದು ಮುರಿಯುವುದು ಎಷ್ಟು ಕಷ್ಟ ಎಂದು ಆಕೆಯ ಮುಖ ನೋಡಿ ತಿಳಿಯಿತು. ಅಂದದ್ದಕ್ಕೆ ನನಗೇ ಕೆಡುಕೆನಿಸಿತು.

ಮರುದಿನ ಮುಂಜಾನೆ ಆಕೆ ಮಿಂದು, ವಿಭೂತಿ ಧರಿಸಿ, ತಾಟಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮನೆಯಿಂದ ಹೊರಬಿದ್ದಳು. ನಮ್ಮ ಕಡೆ ಮದುವೆಗೆ ಕರೆಯಲು ಹೋಗುವುದು ಹೀಗೆ. ಓಣಿಯ ಬಾಗಿಲುಗಳಲ್ಲೆಲ್ಲ ಜನ. ಯಾರ ಕಡೆಯೂ ನೋಡದೆ ಕೆಳಗಿನ ಮನೆಯವರೆಗೆ ನಡೆದು, ಹೊಸ್ತಿಲ ಮೇಲೆ ತಾಟು ಇಟ್ಟಳು. ನೆಗೆಣ್ಣಿ ಒಳಗೆ ಒಲೆಯ ಮುಂದೆ ಇದ್ದಳು, ತಿರುಗಲಿಲ್ಲ. ದೊಡ್ಡವ್ವ ಬಾಗಿಲ ಚೌಕಟ್ಟಿನ ಕಡೆ ಮುಖ ಮಾಡಿ ಗಟ್ಟಿಯಾಗಿ, "ನಾಳೆ ಹೊತ್ತ ಏರೂದ್ರೊಳಗ ನಮ್ಮ ಕಟ್ಟಿ ಒಡ್ಯೂದೈತಿ. ಮನಿಯವ್ರು ಬರಬೇಕ್ರಿ" ಅಂದು ಕೈ ಮುಗಿದಳು. ಕಟ್ಟಿಗೆಯ ಚೌಕಟ್ಟಿಗೆ ಆಕೆ ಮುಗಿದ ಆ ಕೈಯನ್ನು ನಾನು ಮರೆಯಲಾರೆ.

ನೆಗೆಣ್ಣಿ ಬಂದಳು. ಸೀರೆ ಮೇಲೆ ಕಟ್ಟಿ, ಹಾರೆ ಹಿಡಿದು, ತುಟಿ ಬಿಗಿದು ಬಂದಳು. ಸಣ್ಣ ಆಳಿನ ಹೆಂಗಸು. ಹೊಡೆದ ಮೊದಲ ಏಟಿಗೆ ಕಟ್ಟೆಯ ಮೂಲೆಗಲ್ಲು ಅಲುಗಿತು. ದೊಡ್ಡವ್ವ ಬಾಗಿಲಲ್ಲಿ ನಿಂತೇ ಇದ್ದಳು. ಬೈಗುಳ ಬರಬಹುದು, ಅಳು ಬರಬಹುದು ಎಂದು ನಾವೆಲ್ಲ ಕಾದೆವು. ಏನೂ ಬರಲಿಲ್ಲ. ಏಟಿನ ಮೇಲೆ ಏಟು. ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಇದ್ದಲ್ಲಿ ಬರೀ ನೆಲವಿತ್ತು. ಕಲ್ಲುಗಳನ್ನು ಆಕೆ ಒಂದೊಂದಾಗಿ ಹೊತ್ತು ಗಟಾರಕ್ಕೆ ಕೂರಿಸಿದಳು, ಕೈ ಹಾಕಲು ಬಂದವರನ್ನು ಕಣ್ಣಿನಿಂದಲೇ ಅಟ್ಟಿದಳು. ಮರುದಿನ ಮೆಟ್ಟಿಲು ಕಟ್ಟಿದಳು. ಎಲ್ಲರ ಮನೆಗೂ ಎರಡು ಮೆಟ್ಟಿಲು. ದೊಡ್ಡವ್ವನ ಬಾಗಿಲಿಗೆ ಗೇಣಿಗಿಂತ ಗಿಡ್ಡವಾದ ನಾಲ್ಕು. ಯಾರನ್ನೂ ಏನೂ ಕೇಳಲಿಲ್ಲ. ಕಟ್ಟಿ, ಕೈ ತೊಳೆದು, ಹೊರಟುಹೋದಳು.

ದೊಡ್ಡವ್ವ ಮೊಣಕಾಲು ಹಿಡಿಯದೆ ಆ ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. "ಈ ಅಳತೆ ಯಾರು ಕೊಟ್ಟರು?" ಎಂದು ಕೇಳಿದೆ. "ಜಗಳಾ ಇದ್ದವ್ರಿಗೆ ಗೊತ್ತಿರತೈತಿ ಅಂತ ನಾ ಮೊದಲ ಹೇಳಿಲ್ಲೇನ್ರಿ?" ಅಂದಳು.

ಮಿರಗ ಹೇಳಿದ ದಿನಕ್ಕೇ ಕೂಡಿತು. ಮಧ್ಯಾಹ್ನ ಮೂರರ ಸುಮಾರಿಗೆ ಕಚೇರಿಯ ಕಿಟಕಿಯೆಲ್ಲ ಕಪ್ಪಾಗಿ, ಆ ವರ್ಷದ ಮೊದಲ ದೊಡ್ಡ ಮಳೆ ಇಳಿಯಿತು. ನಾನು ಕಡತ ಮುಚ್ಚಿ ಗಾಡಿ ತೆಗೆದೆ. ಪೇಟೆಯ ನೀರು ಕೆಂಪಾಗಿ, ಕಸ ಹೊತ್ತುಕೊಂಡು ಓಣಿಗೆ ನುಗ್ಗುತ್ತಿತ್ತು. ಜನ ತಂತಮ್ಮ ಮೆಟ್ಟಿಲ ಮೇಲೆ ಗೋಣಿಚೀಲ ಹೊದ್ದು ನಿಂತು ಗಟಾರವನ್ನೇ ನೋಡುತ್ತಿದ್ದರು. ದೊಡ್ಡವ್ವ ತನ್ನ ಬಾಗಿಲಲ್ಲಿ ಇರಲಿಲ್ಲ. "ಕೆಳಗ ಹೋಗ್ಯಾಳ್ರಿ" ಎಂದು ಟೇಲರನ ತಾಯಿ ಕೈ ಮಾಡಿದಳು.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಒಂದೇ ಕೋಣೆ. ಹೊರಸಿನ ನಾಲ್ಕೂ ಕಾಲಿಗೆ ಮೂರು ಮೂರು ಇಟ್ಟಂಗಿ ಕೊಟ್ಟು ಎತ್ತರಿಸಿದ್ದರು. ಮೇಲೆ ಆ ಮನುಷ್ಯ ಮಲಗಿದ್ದ. ನೆಗೆಣ್ಣಿ ಬೋಗುಣಿ ಹಿಡಿದು ಹೊರಸಿಗೆ ಆತು ನಿಂತಿದ್ದಳು. ಹೊಸ್ತಿಲ ಒಳಗೆ, ನೀರು ಮೊದಲು ನುಗ್ಗುವ ಜಾಗದಲ್ಲಿ, ದೊಡ್ಡವ್ವ ನೋಯುವ ಕಾಲು ಚಾಚಿ ಬರಿಯ ನೆಲದ ಮೇಲೆ ಕುಳಿತಿದ್ದಳು. ಇಬ್ಬರ ನಡುವೆ ಮಾತಿರಲಿಲ್ಲ.

"ಬರ್ರಿ ಸಾಹೇಬ್ರ, ಕುಂಡ್ರಿ" ಅಂದಳು.

"ಎಲ್ಲಿ?"

"ಇಲ್ಲೇ ನೆಲದ ಮ್ಯಾಲ. ನಾವ ಮಾಡಿದ್ದಲ್ಲೇನು? ನೀರು ಬಂದ್ರ ಮೊದಲ ನಮಗ ಹತ್ತಲಿ."

ಕುಳಿತೆ. ನನ್ನ ನೌಕರಿಯಲ್ಲಿ ನಾನು ಮುಗಿಸಿದ ಯಾವ ಕೆಲಸದ ಕೆಳಗೂ ಹಾಗೆ ಕುಳಿತಿರಲಿಲ್ಲ. ಹೊರಗೆ ಗಟಾರ ತುಂಬಿ ಹರಿಯುವ ಸದ್ದು ಏರುತ್ತಲೇ ಹೋಯಿತು. ಅಂಗೈ ನೆಲಕ್ಕೆ ಊರಿಕೊಂಡು, ಈಗ ತಣ್ಣಗಾದೀತು, ಈಗ ತಣ್ಣಗಾದೀತು ಎಂದು ಕಾದೆ. ಪಕ್ಕದಲ್ಲಿ ದೊಡ್ಡವ್ವ ಗೋಡೆಗೆ ಬೆನ್ನು ಕೊಟ್ಟು, ಸೆರಗು ಹೊದ್ದು, ತನ್ನ ತೀರ್ಪು ಕೇಳಲು ಬಂದವಳಂತೆ ಸುಮ್ಮನೆ ಕುಳಿತಿದ್ದಳು. ಇಂಥ ಮನುಷ್ಯರೂ ಇರುತ್ತಾರೆಯೇ ಅನಿಸಿತು. ದೇವರ ಎದುರು ನನಗೆ ಅಷ್ಟು ಸಣ್ಣವನೆಂಬ ಭಾವ ಬಂದದ್ದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಳೆ ನಿಂತಿತು. ದೊಡ್ಡವ್ವ ಕುಳಿತಲ್ಲಿಂದಲೇ ಅಂಗೈಯಿಂದ ನೆಲವನ್ನು ಸವರಿದಳು. ಹೊಸ್ತಿಲಿನಿಂದ ಗೋಡೆಯವರೆಗೆ, ಗೋಡೆಯಿಂದ ಹೊರಸಿನ ಕಾಲಿನವರೆಗೆ. ಆಮೇಲೆ ಆ ಅಂಗೈಯನ್ನು ಎತ್ತಿ ನೆಗೆಣ್ಣಿಗೆ ತೋರಿಸಿದಳು. ಅದರ ಮೇಲೆ ಒಣ ಧೂಳು ಅಂಟಿತ್ತು.

ನೆಗೆಣ್ಣಿ ಆ ಕೈಯನ್ನು ನೋಡಿದಳು. ಬೋಗುಣಿ ಮೂಲೆಗೆ ಇಟ್ಟಳು. ಬಗ್ಗಿ ಹೊರಸಿನ ಒಂದು ಬದಿ ಹಿಡಿದಳು.

"ಯಕ್ಕಾ, ಆ ಕಡಿ ಹಿಡಿ. ಇಟ್ಟಂಗಿ ತಗ್ಯೂಣು."

ದೊಡ್ಡವ್ವ ಎದ್ದಳು. ಇಬ್ಬರೂ ಎತ್ತಿ ಹಿಡಿದರು, ಇಟ್ಟಂಗಿಗಳನ್ನು ನಾನು ಎಳೆದೆ. ಹೊರಸು ನೆಲಕ್ಕೆ ಬಂತು. ಆ ಮನುಷ್ಯ ಮಲಗಿದಲ್ಲಿಂದಲೇ, ತನ್ನ ಸರಿಯಿದ್ದ ಒಂದು ಕೈ ಇಳಿಬಿಟ್ಟು ನೆಲ ಮುಟ್ಟಿದ.